ಆರ್ಕೆಸ್ಟ್ರಾಗೆ ಸಂಬಳ ಕೊಡೋರು ಯಾರು?

ಆರ್ಕೆಸ್ಟ್ರಾ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೋ ಗೊತ್ತಿಲ್ಲ. ನಮ್ಮ ಕಡೆ ಹುಟ್ಟಿ ಬೆಳೆದವರಿಗೆ ನೆನಪಾಗೋದು ಗಣೇಶನ ಪೆಂಡಾಲು, ಮಿಣಮಿಣ ಅನ್ನೋ ಸೀರಿಯಲ್ ಸೆಟ್ಟು, ಒಂದು ಕೀಬೋರ್ಡು, ಒಂದು ರಿದಮ್ ಪ್ಯಾಡು, ಬಿಳಿ ಬೂಟು ಹಾಕಿಕೊಂಡು ಅಣ್ಣಾವ್ರ ಹಾಡು ಹೇಳೋ ಗಾಯಕ, ನಡುನಡುವೆ ಮಿಮಿಕ್ರಿ. ತಿಪಟೂರಿನಲ್ಲಿ "ಇವತ್ತು ರಾತ್ರಿ ಆರ್ಕೆಸ್ಟ್ರಾ" ಅಂದರೆ ನಾವು ಹುಡುಗರು ಏಳು ಗಂಟೆಗೇ ಊಟ ಮುಗಿಸಿ, ಚಾಪೆ ಹಿಡಿದು, ಮುಂದಿನ ಸಾಲಿನಲ್ಲಿ ಜಾಗ ಮಾಡಿಕೊಳ್ಳೋಕೆ ಓಡುತ್ತಿದ್ದೆವು.

ಆ ಪದಕ್ಕೆ ಇನ್ನೊಂದು ಅರ್ಥ ಇದೆ ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಪ್ಯಾರಿಸ್ಸಿನಲ್ಲಿ. ಎರಡು ವರ್ಷದ ಹಿಂದೆ ಆಫೀಸಿನವರು ಮೂರು ತಿಂಗಳು ಆನ್‌ಸೈಟ್ ಕಳಿಸಿದ್ದರು. ಚಳಿ, ಮಳೆ, ಸಂಜೆ ಐದಕ್ಕೇ ಕತ್ತಲು, ಸಾರಿನ ಪುಡಿ ಬೇರೆ ಮುಗಿದಿತ್ತು. ಹೊತ್ತು ಹೋಗದೆ ಒಂದು ದಿನ ಪಲೇ ಗಾರ್ನಿಯೇ ಅನ್ನೋ ಹಳೇ ಒಪೆರಾ ಹೌಸಿನಲ್ಲಿ ಎಲ್ಲಕ್ಕಿಂತ ಅಗ್ಗದ ಟಿಕೆಟ್ ತಗೊಂಡೆ. ಅಗ್ಗ ಯಾಕೆ ಅಂತ ಒಳಗೆ ಹೋದ ಮೇಲೆ ಗೊತ್ತಾಯಿತು. ಪಕ್ಕದ ಮೂಲೆಯ ಸೀಟು, ವೇದಿಕೆ ಅರ್ಧ ಕಾಣೋದೇ ಇಲ್ಲ! ಆದರೆ ವೇದಿಕೆಯ ಮುಂದಿನ ತಗ್ಗು ಮಾತ್ರ ಪೂರ್ತಿ ಕಾಣುತ್ತಿತ್ತು. ವಾದ್ಯದವರು ಕೂರೋದು ಅಲ್ಲೇ. ಹೀಗಾಗಿ ನಾನು ಬ್ಯಾಲೆ ನೋಡಲಿಲ್ಲ, ಎರಡು ಗಂಟೆ ಆರ್ಕೆಸ್ಟ್ರಾ ನೋಡಿದೆ. ಪಿಟೀಲಿನವರು ಕಮಾನು ಒಟ್ಟಿಗೆ ಮೇಲೆತ್ತಿ ಒಟ್ಟಿಗೆ ಇಳಿಸೋದು, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದೇ ಏಟು ಹೊಡೆಯೋ ತಾಳದವನು ಅಲ್ಲಿಯವರೆಗೂ ಎಣಿಸುತ್ತಾ ನಿಂತಿರೋದು... ನೋಡೋಕೇ ಚೆಂದ.

ಅಲ್ಲಿ ಕೂತು ನನಗೆ ಹೊಳೆದ ಮೊದಲ ಪ್ರಶ್ನೆ ಮಾತ್ರ ಪಕ್ಕಾ ಸಾಫ್ಟ್‌ವೇರ್‌ನವನದು. ಇಷ್ಟು ಜನಕ್ಕೆ ತಿಂಗಳ ಸಂಬಳ ಯಾರು ಕೊಡ್ತಾರೆ?

ರೂಮಿಗೆ ಬಂದು ಓದೋಕೆ ಶುರು ಮಾಡಿದೆ. ಆ ಆರ್ಕೆಸ್ಟ್ರಾದ ವಂಶಾವಳಿ 1669ರಿಂದ ಶುರು. ಹದಿನಾಲ್ಕನೇ ಲೂಯಿ ಪಿಯೇರ್ ಪೆರ್‍ಯಾಂ ಅನ್ನೋ ಕವಿಗೆ ಒಪೆರಾ ಆಡಿಸೋ ಹಕ್ಕು ಕೊಟ್ಟ. ಆ ಮನುಷ್ಯನಿಗೆ ನಡೆಸೋಕಾಗಲಿಲ್ಲ. 1672ರಲ್ಲಿ ಆ ಹಕ್ಕು ಇಟಲಿಯಿಂದ ಬಂದು ಅರಮನೆ ಸೇರಿಕೊಂಡಿದ್ದ ಲುಲ್ಲಿ ಅನ್ನೋ ಸಂಗೀತಗಾರನ ಕೈಗೆ ಬಂತು. ಲುಲ್ಲಿ ಮಹಾ ಕಟ್ಟುನಿಟ್ಟಿನ ಆಸಾಮಿ. ಉದ್ದನೆ ಕೋಲು ನೆಲಕ್ಕೆ ಕುಟ್ಟಿ ತಾಳ ಹಾಕುತ್ತಿದ್ದ. 1687ರಲ್ಲಿ ಹಾಗೇ ಕುಟ್ಟುವಾಗ ಕೋಲು ಕಾಲಿಗೆ ಬಡಿದು, ಗಾಯ ಕೊಳೆತು, ಅದರಲ್ಲೇ ತೀರಿಕೊಂಡ! ನಮ್ಮ ಪ್ರಾಜೆಕ್ಟ್ ಮ್ಯಾನೇಜರುಗಳಿಗೆ ಈ ಕಥೆ ಹೇಳಬೇಕು :)

ನನ್ನನ್ನು ನಿಲ್ಲಿಸಿದ್ದು ಮಾತ್ರ ಇನ್ನೊಂದು ಇಸವಿ, 1698. ಅದೇ ರಾಜನ ಕಾಲದಲ್ಲಿ ಪ್ಯಾರಿಸ್ ಒಪೆರಾದ ಕಲಾವಿದರಿಗೆ ಪಿಂಚಣಿ ನಿಧಿ ಶುರುವಾಯಿತು. ಪಿಂಚಣಿ! ನಮ್ಮಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದ ಕಾಲಕ್ಕೆ ಅಲ್ಲಿ ಪಿಟೀಲು ನುಡಿಸುವವನ ಮುಪ್ಪಿಗೆ ವ್ಯವಸ್ಥೆ ಮಾಡಿಟ್ಟಿದ್ದರು. ಆ ಪಿಂಚಣಿ ಮುನ್ನೂರು ವರ್ಷ ದಾಟಿ ಬಂತು. 2019ರ ಕೊನೆಗೆ ಫ್ರಾನ್ಸ್ ಸರ್ಕಾರ ಇಂಥ ವಿಶೇಷ ಪಿಂಚಣಿಗಳನ್ನೆಲ್ಲ ತೆಗೀತೀವಿ ಅಂದಾಗ ಒಪೆರಾದವರು ಮುಷ್ಕರ ಹೂಡಿದರು. ಡಿಸೆಂಬರ್ 24ರಂದು ಅದೇ ಗಾರ್ನಿಯೇ ಕಟ್ಟಡದ ಮೆಟ್ಟಿಲ ಮೇಲೆ, ಕೊರೆಯೋ ಚಳಿಯಲ್ಲಿ, ವಾದ್ಯದವರು ನುಡಿಸಿ ನರ್ತಕಿಯರು ಕುಣಿದರು. ಆ ವಿಡಿಯೋ ನಿಮ್ಮಲ್ಲಿ ಕೆಲವರು ನೋಡಿರಬಹುದು.

ಈ ಮುನ್ನೂರು ಚಿಲ್ಲರೆ ವರ್ಷದಲ್ಲಿ ಆ ಆರ್ಕೆಸ್ಟ್ರಾ ಕಂಡಿದ್ದು ಒಂದೆರಡಲ್ಲ. ಅವರ ರಂಗಮಂದಿರ 1763ರಲ್ಲಿ ಸುಟ್ಟುಹೋಯಿತು. ಇನ್ನೊಂದು ಕಟ್ಟಿದರು, ಅದು 1781ರಲ್ಲಿ ಸುಟ್ಟಿತು. ಆಮೇಲಿನ ಲ ಪೆಲೆಟಿಯೇ ಮಂದಿರ 1873ರಲ್ಲಿ ಸುಟ್ಟಿತು. ನಾನು ಕೂತಿದ್ದ ಗಾರ್ನಿಯೇ ತೆರೆದಿದ್ದು 1875ರ ಜನವರಿ 5ರಂದು, ಬಾಸ್ತೀಯ್ ಅನ್ನೋ ಹೊಸ ಕಟ್ಟಡ 1989ರಲ್ಲಿ. ಇದರ ಮಧ್ಯೆ ಒಂದು ಮಹಾಕ್ರಾಂತಿ, ರಾಜನ ತಲೆ ಉರುಳಿದ್ದು, ನೆಪೋಲಿಯನ್, ಎರಡು ಮಹಾಯುದ್ಧ. ಸಂಸ್ಥೆಯ ಹೆಸರಿನಲ್ಲಿದ್ದ 'ರಾಜರ' ಹೋಗಿ 'ರಾಷ್ಟ್ರದ' ಅಂತಾಯಿತು, 'ಸಾಮ್ರಾಜ್ಯದ' ಅಂತಾಯಿತು. ಹೆಸರು ಯಾವುದೇ ಇರಲಿ, ವಾದ್ಯದವರು ಕೂತು ನುಡಿಸೋದು ನಡೆದೇ ಇತ್ತು. ರಾಜ ಹೋದರೂ ಸಂಬಳ ಕೊಡೋ ಖಜಾನೆ ಉಳಿಯಿತು, ಅದಕ್ಕೇ. 1923ರಲ್ಲಿ ನಮ್ಮ ಚಿತ್ತೋಡದ ಪದ್ಮಿನಿಯ ಕಥೆಯನ್ನೇ ಅವರು ಆಡಿದ್ದಾರೆ. ಆಲ್ಬೆರ್ ರೂಸೆಲ್ ಅನ್ನೋ ಸಂಗೀತಗಾರ 1909ರಲ್ಲಿ ಭಾರತಕ್ಕೆ ಬಂದು ಹೋದ ಮೇಲೆ ಬರೆದ 'ಪದ್ಮಾವತಿ' ಅದು.

ಇಷ್ಟು ಓದಿದ ಮೇಲೆ ಬೆಂಗಳೂರಿಗೆ ವಾಪಸ್ ಬಂದವನಿಗೆ ಬ್ರಿಗೇಡ್ ರೋಡು ಬೇರೆ ಥರ ಕಾಣಿಸಿತು. ರೆಸಿಡೆನ್ಸಿ ರೋಡು ಸೇರೋ ಮೂಲೆಯಲ್ಲಿ ಒಂದು ಹಳೇ ಕಟ್ಟಡ ಇದೆಯಲ್ಲ, ಅದರ ಹೆಸರು ಒಪೆರಾ ಹೌಸ್. ಬ್ರಿಟಿಷರ ಕಾಲದ್ದು. ದಂಡಿನವರಿಗೆ ನಾಟಕ, ಸಂಗೀತ, ಆಮೇಲೆ ಇಂಗ್ಲಿಷ್ ಸಿನಿಮಾ. ಬಹಳ ವರ್ಷ ಮುಚ್ಚಿ ಬಿದ್ದಿದ್ದ ಅದನ್ನು 2018ರ ಸೆಪ್ಟೆಂಬರಿನಲ್ಲಿ ಸ್ಯಾಮ್‌ಸಂಗ್ ಕಂಪನಿಯವರು ರಿಪೇರಿ ಮಾಡಿಸಿ, ಬಣ್ಣ ಬಳಿಸಿ, ತಮ್ಮ ಫೋನು ಟಿವಿಗಳ ದೊಡ್ಡ ಮಳಿಗೆ ತೆರೆದರು. ಕಟ್ಟಡ ಉಳಿಸಿದ್ದಕ್ಕೆ ಅವರಿಗೆ ಥ್ಯಾಂಕ್ಸ್ ಹೇಳಲೇಬೇಕು. ಪ್ಯಾರಿಸ್ಸಿನಲ್ಲಿ ಕಟ್ಟಡ ಮೂರು ಸಲ ಸುಟ್ಟರೂ ಆರ್ಕೆಸ್ಟ್ರಾ ಉಳಿಯಿತು. ನಮ್ಮಲ್ಲಿ ಕಟ್ಟಡ ಉಳಿಯಿತು. ಆದರೆ ಒಪೆರಾ ಹೌಸಿನ ಆರ್ಕೆಸ್ಟ್ರಾ ಅಂತ ಹೆಸರು ಹಿಡಿದು ತೋರಿಸೋಕೆ ಊರಿನಲ್ಲಿ ಏನೂ ಇಲ್ಲ.

ಹಾಗಂತ ದಂಡಿನಲ್ಲಿ ಸಂಗೀತ ಇರಲಿಲ್ಲವಾ? ಬೇಕಾದಷ್ಟಿತ್ತು. 1809ರಲ್ಲಿ ದಂಡು ಪ್ರದೇಶ ಶುರುವಾದಾಗಿನಿಂದ ಪಲ್ಟನ್ನಿನ ಹಿಂದೆ ಪಲ್ಟನ್ನಿನ ಬ್ಯಾಂಡು ಬರುತ್ತಿತ್ತು. ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡು ಕಟ್ಟಿದ್ದೇ ಅವರಿಗಾಗಿ. ಪಲ್ಟನ್ನು ಬೇರೆ ಊರಿಗೆ ಹೊರಟರೆ ಕೊಂಬು ಕಹಳೆಗಳೂ ರೈಲು ಹತ್ತುತ್ತಿದ್ದವು. ಆಮೇಲೆ ಮೂಕಿ ಸಿನಿಮಾ ಬಂತು. ಆ ಕಾಲದ ಟೆಂಟು ಟಾಕೀಸುಗಳಲ್ಲಿ ಪರದೆ ಪಕ್ಕ ಕೂತು ನುಡಿಸುವವರಿಗೆ ಒಂದಷ್ಟು ಕೆಲಸ ಸಿಕ್ಕಿತು. 1931ರಲ್ಲಿ ಆಲಂ ಆರಾ, 1934ರಲ್ಲಿ ಸತಿ ಸುಲೋಚನಾ ಬಂದು ಸಿನಿಮಾ ತಾನೇ ಮಾತಾಡೋಕೆ, ಹಾಡೋಕೆ ಕಲಿತ ಮೇಲೆ ಆ ಕೆಲಸವೂ ಹೋಯಿತು. ಶಿವಾಜಿನಗರದ ಎಲ್ಜಿನ್ ಟಾಕೀಸ್ ಮೂಕಿಯ ಕಾಲದ್ದು, ಅದೂ ಈಗ ಮುಚ್ಚಿದೆ.

ನಿಜವಾದ ಆರ್ಕೆಸ್ಟ್ರಾ ಇದ್ದದ್ದು ಇಲ್ಲಿಂದ ನೂರೈವತ್ತು ಕಿಲೋಮೀಟರು ದೂರ, ಮೈಸೂರಿನಲ್ಲಿ.

ಅರಮನೆಯಲ್ಲಿ ಎರಡು ಬ್ಯಾಂಡು. ಒಂದು ಕರ್ನಾಟಕ ಸಂಗೀತದ್ದು, ಇನ್ನೊಂದು ಇಂಗ್ಲಿಷ್ ಬ್ಯಾಂಡು. ನಾಲ್ವಡಿ ಕೃಷ್ಣರಾಜ ಒಡೆಯರು ಸ್ವತಃ ಹಲವು ವಾದ್ಯ ನುಡಿಸುತ್ತಿದ್ದವರು. ಪಾಶ್ಚಾತ್ಯ ವಾದ್ಯಗಳನ್ನು ಕಲಿಸೋಕೆ, ನಡೆಸೋಕೆ ಆಟೋ ಸ್ಮಿತ್ ಅನ್ನೋ ಜರ್ಮನ್ ಇದ್ದರು. ಹೊರಗಿನಿಂದ ಬಂದ ಗುರು, ನುಡಿಸೋರು ನಮ್ಮವರು. ಬಸವಪ್ಪ ಶಾಸ್ತ್ರಿಗಳು ಬರೆದ ಸಂಸ್ಥಾನದ ಗೀತೆ 'ಕಾಯೌ ಶ್ರೀ ಗೌರಿ' ಈ ಬ್ಯಾಂಡಿನ ಜೊತೆ ಬೆಳೆದದ್ದು. ದಸರಾ ದರ್ಬಾರಿನಲ್ಲಿ ಅದು ಕೇಳಿದ ಹಿರಿಯರು ಇವತ್ತಿಗೂ ಅದರ ಬಗ್ಗೆ ಕಣ್ಣರಳಿಸಿ ಮಾತಾಡುತ್ತಾರೆ.

ಆಮೇಲೆ ಬಂದ ಜಯಚಾಮರಾಜ ಒಡೆಯರದು ಇನ್ನೂ ದೊಡ್ಡ ಕಥೆ. ಪಿಯಾನೋ ವಾದಕನೇ ಆಗಬೇಕು ಅಂತಿದ್ದವರಂತೆ. 1940ರಲ್ಲಿ ಒಂದೇ ವರ್ಷ ಅಪ್ಪ ಹೋದರು, ದೊಡ್ಡಪ್ಪ ನಾಲ್ವಡಿಯವರೂ ಹೋದರು. ಇಪ್ಪತ್ತೊಂದು ವರ್ಷಕ್ಕೆ ಪಟ್ಟ. ಪಿಯಾನೋ ಹಿಂದಕ್ಕೆ ಸರಿಯಿತು, ಹುಚ್ಚು ಮಾತ್ರ ಹೋಗಲಿಲ್ಲ. ಲಂಡನ್ನಿನಲ್ಲಿ ಬಡತನದಲ್ಲಿದ್ದ ಮೆಡ್ಟ್‌ನರ್ ಅನ್ನೋ ರಷ್ಯನ್ ಸಂಗೀತಗಾರನ ಕೃತಿಗಳನ್ನು ರೆಕಾರ್ಡ್ ಮಾಡಿಸೋಕೆ ದುಡ್ಡು ಕೊಟ್ಟರು. ಆತ ತನ್ನ ಮೂರನೇ ಪಿಯಾನೋ ಕಾನ್ಸರ್ಟೋವನ್ನು ಇವರಿಗೇ ಅರ್ಪಿಸಿದ.

ವಾಲ್ಟರ್ ಲೆಗ್ ಎಂಬಾತ 1945ರಲ್ಲಿ ಲಂಡನ್ನಿನಲ್ಲಿ ಫಿಲ್ಹಾರ್ಮೋನಿಯಾ ಅಂತ ಆರ್ಕೆಸ್ಟ್ರಾ ಶುರು ಮಾಡಿದ್ದ. ಅದನ್ನು ಗಟ್ಟಿಯಾಗಿ ನಿಲ್ಲಿಸೋಕೆ ನಮ್ಮ ಮಹಾರಾಜರು ವರ್ಷಕ್ಕೆ ಹತ್ತು ಸಾವಿರ ಪೌಂಡಿನಂತೆ ಮೂರು ವರ್ಷ ನೆರವು ಕೊಡೋಕೆ ಒಪ್ಪಿದರು. ಅದರ ಕಾನ್ಸರ್ಟ್ ಸೊಸೈಟಿಗೆ 1948ರಲ್ಲಿ ಮೊದಲ ಅಧ್ಯಕ್ಷರೂ ಆದರು. ರಿಚರ್ಡ್ ಸ್ಟ್ರಾಸ್ ಸಾಯೋ ಮುಂಚೆ ಬರೆದ 'ಕೊನೆಯ ನಾಲ್ಕು ಹಾಡುಗಳು' ಮೊಟ್ಟಮೊದಲು ಕೇಳಿಸಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ಕಿರ್ಸ್ಟನ್ ಫ್ಲ್ಯಾಗ್‌ಸ್ಟಾಡ್, ನಡೆಸಿದವರು ಫುರ್ಟ್‌ವೆಂಗ್ಲರ್, ನುಡಿಸಿದ್ದು ಇದೇ ಫಿಲ್ಹಾರ್ಮೋನಿಯಾ. ಖರ್ಚಿಗೆ ಜಾಮೀನು ನಿಂತವರು ಮೈಸೂರಿನ ಒಡೆಯರು! ಅವರಿಗೆ ಹೋಗೋಕಾಗಲಿಲ್ಲ. ಆ ಕಛೇರಿಯನ್ನು ತಟ್ಟೆಗಳ ಮೇಲೆ ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಿದರು. ಇಸವಿ ಗಮನಿಸಿ. ಭಾರತ ಗಣರಾಜ್ಯವಾಗಿ ಅವರ ಪಟ್ಟ ಹೋಗಿ ಆಗಿನ್ನೂ ನಾಲ್ಕು ತಿಂಗಳು.

ಒಬ್ಬರೇ ಮಹಾರಾಜರು, ಎರಡು ಆರ್ಕೆಸ್ಟ್ರಾ. ಪೋಷಕರು ಹಿಂದೆ ಸರಿದ ಮೇಲೆ ಎರಡಕ್ಕೂ ಏನಾಯಿತು ನೋಡಿ.

ಲಂಡನ್ನಿನದನ್ನು 1964ರಲ್ಲಿ ಲೆಗ್ ಮುಚ್ಚೋಕೆ ಹೊರಟ. ನುಡಿಸುವವರು ಒಪ್ಪಲಿಲ್ಲ. ತಾವೇ ಸೇರಿ, ತಮ್ಮದೇ ಆಡಳಿತ ಮಾಡಿಕೊಂಡು, 'ನ್ಯೂ ಫಿಲ್ಹಾರ್ಮೋನಿಯಾ' ಅಂತ ಮುಂದುವರಿಸಿದರು. ಆಮೇಲೆ ಹಳೇ ಹೆಸರೂ ವಾಪಸ್ ಬಂತು. ಇವತ್ತಿಗೂ ನುಡಿಸುತ್ತಿದ್ದಾರೆ.

ಮೈಸೂರಿನದು ಪೊಲೀಸ್ ಇಲಾಖೆ ಸೇರಿತು. ಅರಮನೆ ಬ್ಯಾಂಡು ಪೊಲೀಸ್ ಬ್ಯಾಂಡಾಯಿತು. ಅಲ್ಲೂ ಎರಡು ಕವಲು ಹಾಗೇ ಉಳಿದವು, ಕರ್ನಾಟಕ ವಾದ್ಯವೃಂದ ಮತ್ತು ಇಂಗ್ಲಿಷ್ ಬ್ಯಾಂಡು. ದಸರಾದಲ್ಲಿ ಅರಮನೆ ಮುಂದೆ ಇಂದಿಗೂ 'ಕಾಯೌ ಶ್ರೀ ಗೌರಿ' ನುಡಿಸೋದು ಅವರೇ. ಸಂಗೀತಗಾರರಿಗೆ ಪೊಲೀಸ್ ಯೂನಿಫಾರ್ಮಾ ಅಂತ ಮೊದಲು ನನಗೂ ನಗು ಬಂದಿತ್ತು. ಈಗ ಯೋಚಿಸಿದರೆ ಸರ್ಕಾರಿ ಸಂಬಳದ ಪಟ್ಟಿಯಲ್ಲಿ ಸೇರಿಸೋದೇ ಅವರನ್ನು ಉಳಿಸಿದ ದಾರಿ ಅನ್ನಿಸುತ್ತೆ. ಪ್ಯಾರಿಸ್ಸಿನಲ್ಲಿ ರಾಜನ ಆರ್ಕೆಸ್ಟ್ರಾ ರಾಷ್ಟ್ರದ ಆರ್ಕೆಸ್ಟ್ರಾ ಆಯಿತು. ನಮ್ಮಲ್ಲಿ ಅದಕ್ಕೆ ಸಿಕ್ಕ ಖಾನೆ ಪೊಲೀಸು.

ನಮ್ಮ ಹಿರಿಯರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ದೇವಸ್ಥಾನದ ಓಲಗದವರಿಗೆ ಉಂಬಳಿ ಜಮೀನು ಬಿಟ್ಟಿರುತ್ತಿದ್ದರಲ್ಲ, ಅದೂ ಇದೇ ಲೆಕ್ಕ. ಉತ್ಸವ ಇರೋ ದಿನ ಮಾತ್ರ ದುಡ್ಡು ಕೊಟ್ಟರೆ ಉತ್ಸವ ಇಲ್ಲದ ದಿನ ಅಭ್ಯಾಸ ಮಾಡೋರ್‍ಯಾರು? ಹೊಲ ಇದ್ದರೆ ವರ್ಷವಿಡೀ ಮನೆಯಲ್ಲಿ ಅನ್ನ ಇರುತ್ತೆ, ಮಗನಿಗೂ ನಾಗಸ್ವರ ಕಲಿಸೋ ಧೈರ್ಯ ಬರುತ್ತೆ.

ಇಷ್ಟೆಲ್ಲ ಯಾಕೆ ತಲೆಗೆ ಹಚ್ಚಿಕೊಂಡೆ ಅಂದರೆ, ಹಲಸೂರಿನಲ್ಲಿ ನನ್ನ ಬಾಡಿಗೆ ಮನೆ ಇರೋ ವಠಾರದಲ್ಲೇ ಒಬ್ಬ ಅಣ್ಣ ಇದ್ದಾರೆ. ಶಿವಾಜಿನಗರದ ಒಂದು ಬ್ಯಾಂಡ್ ಸೆಟ್ಟಿನಲ್ಲಿ ಟ್ರಂಪೆಟ್ ಊದುತ್ತಾರೆ. ಅವರಪ್ಪನೂ ಅದೇ. ಕೆಂಪು ಕೋಟು, ಭುಜದ ಮೇಲೆ ಚಿನ್ನದ ಬಣ್ಣದ ಜಾಲರಿ. ಪಲ್ಟನ್ನು ಹೋದರೂ ಅದರ ಕೋಟು ಇಲ್ಲೇ ಉಳಿಯಿತು ನೋಡಿ. ಸೆಪ್ಟೆಂಬರ್ 8ಕ್ಕೆ ಸೇಂಟ್ ಮೇರಿ ಚರ್ಚಿನ ತೇರು, ಬೇಸಿಗೆಯಲ್ಲಿ ಹಲಸೂರು ಸೋಮೇಶ್ವರನ ಪಲ್ಲಕ್ಕಿ, ನಡುವೆ ಮದುವೆ ಮೆರವಣಿಗೆ, ಸಾವಿನ ಮೆರವಣಿಗೆ. ಚರ್ಚಿನಲ್ಲಿ ಒಂದು ಹಾಡು, ದೇವಸ್ಥಾನದ ಮುಂದೆ ಒಂದು, ಮದುಮಗನ ಗೆಳೆಯರು ಕೇಳಿದರೆ ಪುನೀತ್ ಹಾಡು. ಎಲ್ಲ ಬಾಯಿಪಾಠ.

ಆಷಾಢ ಬಂದರೆ ಕೆಲಸ ಇಲ್ಲ. ಧನುರ್ಮಾಸದಲ್ಲೂ ಇಲ್ಲ. 2020ರ ಲಾಕ್‌ಡೌನಿನಲ್ಲಿ ಟ್ರಂಪೆಟ್ಟನ್ನೇ ಅಡ ಇಟ್ಟಿದ್ದರಂತೆ, ಬಿಡಿಸಿಕೊಳ್ಳೋಕೆ ಒಂದೂವರೆ ವರ್ಷ ಆಯಿತಂತೆ. ಈಗ ಡಿಜೆ ಹಾವಳಿ. ಒಂದು ಗಾಡಿ, ಎರಡು ಸ್ಪೀಕರು, ಒಬ್ಬ ಹುಡುಗ. ಹದಿನೈದು ಜನರ ಬ್ಯಾಂಡಿಗೆ ಕೊಡೋ ದುಡ್ಡು ಉಳಿಯಿತಲ್ಲ!

ಅವರ ಮಗ ಪಿಯುಸಿ ಮುಗಿಸಿದ್ದಾನೆ. ಅಪ್ಪನಿಗಿಂತ ಚೆನ್ನಾಗಿ ಊದುತ್ತಾನೆ, ಇದು ನನ್ನ ಮಾತಲ್ಲ, ಅಪ್ಪನದೇ. ಕಳೆದ ಯುಗಾದಿ ಹೊತ್ತಿಗೆ ಮೆಟ್ಟಿಲ ಮೇಲೆ ಕೂತು ಅಣ್ಣ ಕೇಳಿದರು.

"ಸಾರ್, ನೀವು ಕಂಪ್ಯೂಟರಲ್ಲಿ ಇದೀರಾ. ಇವನನ್ನ ಯಾವ್ದಾದ್ರೂ ಕೋರ್ಸಿಗೆ ಸೇರಿಸ್ಲಾ? ಬಾಜಾ ಬಿಡಿಸ್ಬಿಡೋಣ ಅಂತ."

ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಸಾರ್ ಅನ್ನಬೇಡಿ ಅಂದರೂ ಕೇಳಲ್ಲ. "ಹುಡುಗ ಏನಂತಾನೆ ಅಣ್ಣ?" ಅಂದೆ.

"ಅವನೇನಂತಾನೆ? ಊದ್ತೀನಿ ಅಂತಾನೆ. ಊದಿದ್ರೆ ಬಾಡಿಗೆ ಕಟ್ಟಕ್ಕಾಗತ್ತಾ?"

ನನ್ನ ಬಳಿ ಉತ್ತರ ಇರಲಿಲ್ಲ. ನಾವು ಸಾಫ್ಟ್‌ವೇರಿನವರು ಇಂಥ ಕಡೆ 'ಕನಸನ್ನು ಬಿಡಬೇಡ' ಅಂತ ಹೇಳೋದು ಬಹಳ ಸುಲಭ, ತಿಂಗಳ ಕೊನೆಗೆ ನಮಗೆ ಸಂಬಳ ಬಂದು ಬಿದ್ದಿರುತ್ತಲ್ಲ. ಬೆಂಗಳೂರಿನಲ್ಲಿ ಪಾಶ್ಚಾತ್ಯ ಸಂಗೀತ ಕಲಿಸೋ ಒಳ್ಳೆ ಜಾಗಗಳಿವೆ. 1987ರಲ್ಲಿ ಅರುಣಾ ಸುಂದರ್‌ಲಾಲ್ ಶುರು ಮಾಡಿದ ಬ್ಯಾಂಗಲೋರ್ ಸ್ಕೂಲ್ ಆಫ್ ಮ್ಯೂಸಿಕ್ ಎಷ್ಟೋ ಮಕ್ಕಳಿಗೆ ಕಲಿಸಿದೆ. ಕಲಿತ ಮೇಲೆ? ತಿಂಗಳ ಸಂಬಳದ ಸಿಂಫನಿ ಆರ್ಕೆಸ್ಟ್ರಾ ಅಂತ ದೇಶದಲ್ಲಿ ಹೆಸರು ಹೇಳೋ ಹಾಗಿರೋದು 2006ರಲ್ಲಿ ಮುಂಬೈಯ ಎನ್‌ಸಿಪಿಎಯಲ್ಲಿ ಶುರುವಾದದ್ದು ಒಂದೇ. ಅದಕ್ಕೂ ಮೊದಲಿಗೆ ಎಷ್ಟೋ ಜನ ವಾದಕರನ್ನು ಕಜಕಸ್ತಾನದಿಂದ ಕರೆಸಿಕೊಳ್ಳಬೇಕಾಯಿತು.

ಇನ್ನು ಉಳಿದಿದ್ದು ಯೂನಿಫಾರ್ಮು. ಪೊಲೀಸ್ ಬ್ಯಾಂಡು, ಸೇನೆಯ ಬ್ಯಾಂಡು. ಹಲಸೂರು ಕೆರೆ ಪಕ್ಕದಲ್ಲೇ ಮದ್ರಾಸ್ ಸ್ಯಾಪರ್ಸ್ ಇದ್ದಾರೆ, ಅವರಿಗೂ ಬ್ಯಾಂಡಿದೆ. ಸೇನೆಯ ಸಂಗೀತಗಾರರಿಗೆ ಕಲಿಸೋಕೆ ಮಧ್ಯಪ್ರದೇಶದ ಪಚಮಢಿಯಲ್ಲಿ ಶಾಲೆಯೇ ಇದೆ. 2024ರ ಜುಲೈನಲ್ಲಿ ವಾಯುಸೇನೆಯವರು ಸಂಗೀತಗಾರ ಅಗ್ನಿವೀರರನ್ನು ಆರಿಸೋಕೆ ಇಲ್ಲೇ ಕಬ್ಬನ್ ರೋಡಿನಲ್ಲಿ ರ್‍ಯಾಲಿ ಇಟ್ಟಿದ್ದರು. ಇದನ್ನು ಹೇಳಿದಾಗ ಅಣ್ಣನ ಮುಖ ಅರಳಿತು. ಆಮೇಲೆ ಅವರೇ ಬೆರಳು ಎಣಿಸಿದರು.

"ಅಗ್ನಿವೀರ ಅಂದ್ರೆ ನಾಲ್ಕೇ ವರ್ಷ ಅಲ್ವಾ ಸಾರ್? ಪೆನ್ಶನ್ ಇಲ್ಲ."

ಹೌದು, 2022ರಲ್ಲಿ ಬಂದ ಆ ಯೋಜನೆಯಲ್ಲಿ ನಾಲ್ಕು ವರ್ಷ. ಅದಾದ ಮೇಲೆ ಕಾಲು ಭಾಗದಷ್ಟು ಜನರನ್ನು ಮುಂದಕ್ಕೆ ಉಳಿಸಿಕೊಳ್ಳುತ್ತಾರೆ. ನನಗೆ ತಟ್ಟನೆ 1698 ನೆನಪಾಯಿತು. ಅಣ್ಣನಿಗೆ ಹದಿನಾಲ್ಕನೇ ಲೂಯಿಯೂ ಗೊತ್ತಿಲ್ಲ, ಒಪೆರಾವೂ ಗೊತ್ತಿಲ್ಲ. ಆದರೆ ಮೊದಲ ಪ್ರಶ್ನೆಯನ್ನೇ ಸರಿಯಾಗಿ ಕೇಳಿದರು. ಊದೋನು ಮುದುಕ ಆದ ಮೇಲೆ?

ಆ ಹುಡುಗ ಇನ್ನೂ ಯಾವ ಕೋರ್ಸಿಗೂ ಸೇರಿಲ್ಲ. ನಾಲ್ಕು ವರ್ಷ ಆದರೂ ಸರಿ, ಪೊಲೀಸ್ ಬ್ಯಾಂಡಿಗೆ ಕರೆದರೆ ಅದಕ್ಕೂ ಅರ್ಜಿ ಹಾಕ್ತೀನಿ ಅಂತಿದ್ದಾನೆ. ಅಪ್ಪ ಒಂದು ವರ್ಷ ಗಡುವು ಕೊಟ್ಟಿದ್ದಾರೆ. ಒಂದೇ ತೊಡಕು, ಅವನಿಗೆ ಕಿವಿಯಲ್ಲಿ ಬಂದಿದ್ದೆಲ್ಲ ಬೆರಳಿಗೆ ಬರುತ್ತೆ, ಆದರೆ ಐದು ಗೆರೆಯ ಮೇಲೆ ಬರೆದ ಸ್ವರ ಓದೋಕೆ ಬರಲ್ಲ. ನನ್ನ ಹಳೇ ಲ್ಯಾಪ್‌ಟಾಪ್ ಕೊಟ್ಟಿದ್ದೀನಿ. ಯೂಟ್ಯೂಬ್ ನೋಡಿ ಕಲೀತಿದ್ದಾನೆ. ಕೆ.ಆರ್. ಪುರದ ಕಡೆ ಇರೋ ಆಫೀಸಿನಿಂದ ಮೆಟ್ರೋ ಹಿಡಿದು ನಾನು ಹಲಸೂರಿನಲ್ಲಿ ಇಳಿಯೋ ಹೊತ್ತಿಗೆ ಅವನದು ಅಭ್ಯಾಸದ ಸಮಯ. ಪಕ್ಕದ ಮನೆಯವರು ಬೈದರು ಅಂತ ಟ್ರಂಪೆಟ್ಟಿನ ಬಾಯಿಗೆ ಬಟ್ಟೆ ತುರುಕಿಕೊಂಡು ಊದುತ್ತಾನೆ. ಒಂದೊಂದೇ ಸ್ವರ, ನಿಧಾನಕ್ಕೆ, ಎಣಿಸಿ ಎಣಿಸಿ.

ಒಂದು ದಿನ ಮಹಡಿಯ ಮೇಲೆ ಅವನಿಗೆ ಫಿಲ್ಹಾರ್ಮೋನಿಯಾದವರ ಹಳೇ ರೆಕಾರ್ಡು ಕೇಳಿಸಿದೆ. ಇದಕ್ಕೆ ನಮ್ಮ ಮೈಸೂರು ಮಹಾರಾಜರು ದುಡ್ಡು ಕೊಟ್ಟಿದ್ದರು ಕಣೋ ಅಂದೆ. ಪೂರ್ತಿ ಕೇಳಿ ಮುಗಿಸಿ, "ಅಣ್ಣ, ಅವರು ಇಲ್ಲಿಗೂ ಕೊಟ್ಟಿದ್ರಾ?" ಅಂದ. ಕೊಟ್ಟಿದ್ರು ಅಂದೆ. ಮೈಸೂರಿನ ಪೊಲೀಸ್ ಬ್ಯಾಂಡಿನ ಕಥೆ ಹೇಳಿದೆ. ಈ ಸಲದ ದಸರಾಕ್ಕೆ ಅದನ್ನು ಕೇಳೋಕೆ ಹೋಗೋಣ ಅಂದಿದ್ದಾನೆ. ಬಸ್ಸಿನ ಟಿಕೆಟ್ಟು ಅವನದೇ ದುಡ್ಡಿನಲ್ಲಂತೆ, ಮೊನ್ನೆ ಎರಡು ಮದುವೆ ಮಾಡಿ ಬಂದಿದ್ದಾನೆ :)

ನಿಮ್ಮ ಊರಿನಲ್ಲಿ ಬ್ಯಾಂಡ್ ಸೆಟ್ಟು ಇನ್ನೂ ಇದೆಯಾ? ಓಲಗದವರಿಗೆ ಬಿಟ್ಟಿದ್ದ ಹೊಲ ಈಗ ಯಾರ ಹೆಸರಿನಲ್ಲಿದೆ? ಗೊತ್ತಿದ್ದವರು ಬರೆಯಿರಿ. ಹಾಗೇ, ಪೊಲೀಸ್ ಬ್ಯಾಂಡಿನಲ್ಲಿ ಕೆಲಸ ಮಾಡಿದವರು ನಿಮ್ಮ ನೆಂಟರಲ್ಲೋ ಪರಿಚಯದಲ್ಲೋ ಇದ್ದರೆ ದಯವಿಟ್ಟು ತಿಳಿಸಿ. ಹುಡುಗನಿಗೆ ಸ್ವರ ಓದೋದು ಹೇಳಿಕೊಡೋ ಒಬ್ಬ ಗುರು ಬೇಕು.